ಒಂದೇ ಕೊಳವೆಯಲ್ಲಿ ಕಣ್ಣೂ ಅಲಗೂ: ಆರು ವಾರಗಳ ಟಿಪ್ಪಣಿ

ಮೊದಲ ವಾರ

ಹೊಟ್ಟೆಗೆ ಸಣ್ಣ ರಂಧ್ರಗಳನ್ನು ಮಾಡಿ ನಡೆಸುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಲ್ಲಿ ಕ್ಯಾಮೆರಾಕ್ಕೆ ಒಂದು ರಂಧ್ರ, ಕತ್ತರಿಗೆ ಇನ್ನೊಂದು, ಇಕ್ಕಳಕ್ಕೆ ಮತ್ತೊಂದು. ನೋಡುವುದನ್ನೂ ಕತ್ತರಿಸುವುದನ್ನೂ ಒಂದೇ ಕೊಳವೆಯೊಳಗೆ ಕೂರಿಸಿದರೆ ಎಲ್ಲೆಲ್ಲಿ ತೊಡಕು ಬರುತ್ತದೆ ಎಂದು ಕೈಯಾರೆ ನೋಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ನಾನು ವೈದ್ಯನಲ್ಲ, ಸಣ್ಣ ಲೇಥ್ ಇಟ್ಟುಕೊಂಡಿರುವ ಹವ್ಯಾಸಿ. ಹಾಗಾಗಿ ಇದು ಜೆಲಟಿನ್ ಕೊಯ್ಯುವ ಮೇಜಿನ ಮೇಲಿನ ಮಾದರಿ, ಅಷ್ಟೇ. ಶಸ್ತ್ರಸಾಧನಗಳನ್ನು ಕ್ರಿಮಿಮುಕ್ತ ಮಾಡುವ ಆಟೊಕ್ಲೇವ್‌ನ 134 ಡಿಗ್ರಿ ಹಬೆಗೆ ಇದನ್ನು ಒಡ್ಡಿದರೆ ಕ್ಯಾಮೆರಾದ ಅಂಟು ಮೊದಲ ಸಲವೇ ಬಿಟ್ಟುಕೊಳ್ಳುತ್ತದೆ.

ಹೊರಕೊಳವೆ 10 ಮಿ.ಮೀ., ಗೋಡೆಯ ದಪ್ಪ ಅರ್ಧ ಮಿ.ಮೀ., ಒಳಗೆ ಉಳಿಯುವುದು 9. ಕೈಯಲ್ಲಿದ್ದ, ಕಿರಿದಾದ ಜಾಗಗಳೊಳಗೆ ಇಣುಕುವ ಬೋರ್‌ಸ್ಕೋಪ್ ಕ್ಯಾಮೆರಾದ ವ್ಯಾಸ 5.5 ಮಿ.ಮೀ. ಅದರ ಪಕ್ಕಕ್ಕೆ 4 ಮಿ.ಮೀ.ನ ಶೇವರ್ ಇಟ್ಟರೆ ಒಟ್ಟು 9.5. ಅರ್ಧ ಮಿಲಿಮೀಟರಿನಲ್ಲಿ ಸಂಬಂಧ ಮುರಿದುಬಿತ್ತು. 3.9 ಮಿ.ಮೀ.ನ ಕ್ಯಾಮೆರಾ ತರಿಸಿದ ಮೇಲೆ ಎರಡೂ ಕೂತವು. ವೃತ್ತದೊಳಗೆ ಎರಡು ವೃತ್ತಗಳು ಕೂತರೆ ಎಡಬಲದಲ್ಲಿ ದೊಡ್ಡ ಸಂದಿಗಳೇ ಉಳಿಯುತ್ತವೆ. ಲೆಕ್ಕ ಹಾಕಿದರೆ ಸುಮಾರು 39 ಚದರ ಮಿ.ಮೀ. ನೀರು ಹರಿಯಲು ಧಾರಾಳ ಜಾಗ.

ಶೇವರ್ ಎಂದರೆ ಗಡ್ಡ ಹೆರೆಯುವುದಲ್ಲ. ಕೀಲಿನೊಳಗಿನ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ, ಕೊಳವೆಯೊಳಗೆ ಕೊಳವೆ ತಿರುಗುವ ಸಾಧನ. ಎರಡಕ್ಕೂ ತುದಿಯ ಬದಿಯಲ್ಲಿ ಕಿಂಡಿ ಇರುತ್ತದೆ. ಹೀರುವ ಪಂಪು ಅಂಗಾಂಶವನ್ನು ಕಿಂಡಿಯೊಳಗೆ ಎಳೆಯುತ್ತದೆ, ತಿರುಗುವ ಒಳ ಅಂಚು ಅದನ್ನು ಕತ್ತರಿಸಿ ಕೊಳವೆಯೊಳಗೇ ಸಾಗಿಸುತ್ತದೆ.

ಎರಡನೇ ವಾರ

ಮೋಟಾರಿನ ವೇಗ ಏರಿಸುತ್ತಾ ಹೋದೆ. ಒಂದು ಹಂತದಲ್ಲಿ ಪರದೆಯ ಮೇಲೆ ಕಿಂಡಿಯ ಅಂಚು ಸ್ವಲ್ಪ ಓರೆಯಾಗಿ, ಅಲ್ಲಾಡದೆ ನಿಂತುಬಿಟ್ಟಿತು. ಮೋಟಾರ್ ಕೆಟ್ಟಿತೆಂದು ತಂತಿ ಅಲುಗಾಡಿಸಿ ನೋಡಿದೆ. ಸದ್ದು ಮಾತ್ರ ಹಾಗೆಯೇ ಇತ್ತು. ಮೀಟರ್ ತೋರಿಸುತ್ತಿದ್ದುದು ನಿಮಿಷಕ್ಕೆ 1800 ಸುತ್ತು, ಅಂದರೆ ಸೆಕೆಂಡಿಗೆ 30. ಕ್ಯಾಮೆರಾ ತೆಗೆಯುವುದೂ ಸೆಕೆಂಡಿಗೆ 30 ಚಿತ್ರ! ಪ್ರತಿ ಚಿತ್ರಕ್ಕೂ ಅಲಗು ಅದೇ ಜಾಗಕ್ಕೆ ಬಂದಿರುತ್ತದೆ. ಹಳೆಯ ಫ್ಯಾನಿನ ಚೇಷ್ಟೆಯಂತೆ ಕಂಡರೂ ಇಲ್ಲಿ ತಮಾಷೆ ಅಲ್ಲ. ಭರದಿಂದ ಕೊಯ್ಯುತ್ತಿರುವ ಅಲಗು ನೋಡುವವರಿಗೆ ನಿಂತಂತೆ ಕಾಣುವುದು, ಈ ಸಾಧನ ಹೇಳಬಹುದಾದ ಅತಿ ಕೆಟ್ಟ ಸುಳ್ಳು.

ಅಂಗಾಂಶದ ಎಳೆಗಳ ಬದಲಿಗೆ ಜೆಲಟಿನ್‌ನಲ್ಲಿ ಹತ್ತಿಯ ದಾರ ಹುದುಗಿಸಿದ್ದೆ. ಒಂದೇ ದಿಕ್ಕಿಗೆ ತಿರುಗಿಸಿದಾಗ ದಾರ ಚರಕಕ್ಕೆ ನೂಲಿನಂತೆ ಸುತ್ತಿಕೊಂಡಿತು. ಒಂದಿಷ್ಟು ಮುಂದೆ, ಒಂದಿಷ್ಟು ಹಿಂದೆ ತಿರುಗಿಸಿದಾಗ ತುಂಡಾಯಿತು. ನಿಜವಾದ ಶೇವರ್‌ಗಳಲ್ಲಿ ಹೀಗೆ ಹಿಂದುಮುಂದಾಗಿ ತಿರುಗುವ ವಿಧಾನ ಏಕಿದೆ ಎಂಬುದು ಓದಿದಾಗ ತಲೆಗೆ ಹತ್ತಿರಲಿಲ್ಲ, ದಾರ ಬಿಡಿಸುತ್ತಾ ಕೂತಾಗ ಹತ್ತಿತು.

ಮೂರನೇ ವಾರ

ಎಲ್‌ಇಡಿ ಬೆಳಕು ಉಕ್ಕಿನ ಕೊಳವೆಗೆ ಬಡಿದು ಅರ್ಧ ಚಿತ್ರ ಬೆಳ್ಳಗಾಗುತ್ತಿತ್ತು. ಮಾರ್ಕರ್ ಶಾಯಿ ನೀರಿನಲ್ಲಿ ತೊಳೆದುಹೋಯಿತು. ಎಮರಿ ಕಾಗದದಿಂದ ಉಜ್ಜಿ, ಬಿಸಿಗೆ ಕುಗ್ಗಿ ಬಿಗಿಯುವ ಕಪ್ಪು ಪ್ಲಾಸ್ಟಿಕ್ ಕೊಳವೆ (ಹೀಟ್‌ಶ್ರಿಂಕ್) ತೊಡಿಸಿದೆ. ಸರಿಹೋಯಿತು.

ದೊಡ್ಡ ಪೆಟ್ಟು ಬಿದ್ದದ್ದು ನೀರಿನಿಂದ. ಈ ಕ್ಯಾಮೆರಾಕ್ಕೆ 20 ಮಿ.ಮೀ.ಗಿಂತ ಹತ್ತಿರದ್ದು ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೇ ಶೇವರ್‌ನ ತುದಿಯನ್ನು ಕ್ಯಾಮೆರಾದಿಂದ ಸರಿಯಾಗಿ 20 ಮಿ.ಮೀ. ಮುಂದಕ್ಕೆ ನಿಲ್ಲಿಸಿದ್ದೆ. ಗಾಳಿಯಲ್ಲಿ ಕನ್ನಡಿಯಷ್ಟು ಸ್ಪಷ್ಟ. ತೊಟ್ಟಿಗೆ ಇಳಿಸಿದೊಡನೆ ಮಂಜು. ಗಾಜು ಒರೆಸಿದೆ, ಗುಳ್ಳೆ ತೆಗೆದೆ, ಕೊನೆಗೆ ಶಾಲೆಯ ಪಾಠ ನೆನಪಾಯಿತು. ನೀರಿನ ವಕ್ರೀಭವನಾಂಕ 1.33, ಆದ್ದರಿಂದ ನೀರಿನಲ್ಲಿರುವ ವಸ್ತು ಚಪ್ಪಟೆ ಗಾಜಿನ ಹಿಂದಿನ ಕ್ಯಾಮೆರಾಕ್ಕೆ ಮುಕ್ಕಾಲು ದೂರದಲ್ಲಿ ಇದ್ದಂತೆ ಕಾಣುತ್ತದೆ. ನನ್ನ 20 ಅದರ ಕಣ್ಣಿಗೆ 15. ತುದಿಯನ್ನು 27 ಮಿ.ಮೀ.ಗೆ ತಳ್ಳಿದಾಗ ಮಂಜು ಹರಿಯಿತು. ನೋಟದ ಹರವೂ ಕುಗ್ಗಿತ್ತು: ಗಾಳಿಯಲ್ಲಿ 70 ಡಿಗ್ರಿ, ನೀರಿನಲ್ಲಿ 51.

ನಾಲ್ಕನೇ ವಾರ

ಎಲ್ಲವೂ ಸ್ಪಷ್ಟವಾದ ಮೇಲೆ ತಿಳಿದದ್ದು, ಕಾಣಬೇಕಾದದ್ದೇ ಕಾಣುತ್ತಿಲ್ಲ ಎಂಬುದು. ಶೇವರ್‌ನ ಬೆನ್ನು ದೂರಕ್ಕೆ ಸಾಗುವ ರಸ್ತೆಯಂತೆ ಚಿತ್ರದ ಕೆಳಭಾಗವನ್ನು ನುಂಗಿತ್ತು. ಕಿಂಡಿ 8 ಮಿ.ಮೀ. ಉದ್ದವಿದ್ದರೂ ಕ್ಯಾಮೆರಾ ಅದನ್ನು ಐದು ಡಿಗ್ರಿಯಷ್ಟು ಓರೆಯಲ್ಲಿ ನೋಡುವುದರಿಂದ ಪರದೆಯಲ್ಲಿ ಮುಕ್ಕಾಲು ಮಿಲಿಮೀಟರಿನ ಗೀರು. ಕಿಂಡಿಯನ್ನು ಪಕ್ಕಕ್ಕೆ ತಿರುಗಿಸಿದರೆ ಅಂಚು ಮಾತ್ರ, ಕೆಳಕ್ಕೆ ತಿರುಗಿಸಿದರೆ ಅದೂ ಇಲ್ಲ. ಕೀಲಿನ ಶಸ್ತ್ರಚಿಕಿತ್ಸೆಯಲ್ಲಿ 30 ಡಿಗ್ರಿ ಓರೆ ನೋಟದ ದರ್ಶಕವನ್ನು ಬೇರೆ ರಂಧ್ರದಿಂದ ಒಳಗೆ ಕಳಿಸಿ, ಶೇವರನ್ನು ಅಡ್ಡದಿಂದ ನೋಡುತ್ತಾರೆ. ಕಣ್ಣೂ ಕೈಯೂ ದೂರವಿದ್ದಾಗ ಸಿಗುವ ಆ ಕೋನವನ್ನೇ ನಾನು ಒಂದೇ ಕೊಳವೆಯ ಹಟಕ್ಕೆ ಬಿದ್ದು ಕಳೆದುಕೊಂಡಿದ್ದೆ.

ಕ್ಯಾಮೆರಾ ಚಿಕ್ಕದಾದರೆ ಬಗೆಹರಿಯುವುದೇ? ಓಮ್ನಿವಿಷನ್ ಕಂಪನಿ 2019ರಲ್ಲಿ ಹೊರತಂದ ಓವಿ6948 ಸಂವೇದಕದ ಬದಿ 0.575 ಮಿ.ಮೀ. ಮಾತ್ರ, 200ಕ್ಕೆ 200 ಚುಕ್ಕೆಗಳ ಚಿತ್ರ. ಅದು ಸಿಕ್ಕರೆ ಕೊಳವೆ ಸಪೂರವಾಗುತ್ತದೆ, ಆದರೆ ಕಣ್ಣು ಅಲಗಿನ ಬೆನ್ನಿಗೆ ಇನ್ನಷ್ಟು ಅಂಟಿಕೊಂಡು ಓರೆ ಇನ್ನೂ ಹೆಚ್ಚುತ್ತದೆ. ಕ್ಯಾಮೆರಾವನ್ನೇ ಕೈಬಿಟ್ಟವರೂ ಇದ್ದಾರೆ. ಕಾಲಿನ ಅಪಧಮನಿಯ ಒಳಗೆ ಕಟ್ಟಿಕೊಂಡ ಪದರವನ್ನು ಹೆರೆಯುವ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಪ್ಯಾಂಥೆರಿಸ್ ಎಂಬ ಕ್ಯಾಥೆಟರ್‌ನಲ್ಲಿ ಅಲಗಿನ ಜೊತೆಗೇ ಆಪ್ಟಿಕಲ್ ಫೈಬರ್ ಇದೆ. ಮರಳಿ ಬರುವ ಬೆಳಕಿನಿಂದ ಚಿತ್ರ ಕಟ್ಟುವ ಒಸಿಟಿ ಎಂಬ ತಂತ್ರದಿಂದ ಅದು ರಕ್ತನಾಳದ ಗೋಡೆಯ ಪದರಗಳನ್ನೇ ತೋರಿಸುತ್ತದೆ. ಮೆಚ್ಚಿ ತಲೆದೂಗಬಹುದು, ನನ್ನ ಮೇಜಿನ ಮೇಲೆ ಮಾಡುವಂಥದ್ದಲ್ಲ.

ಐದನೇ ವಾರ

ಶೇವರ್ ತೆಗೆದುಹಾಕಿದೆ. ಬದಲಿಗೆ 0.3 ಮಿ.ಮೀ. ಉಕ್ಕಿನ ತಂತಿಯನ್ನು ಅರ್ಧಚಂದ್ರದಂತೆ ಬಗ್ಗಿಸಿ, ನೋಟಕ್ಕೆ ಅಡ್ಡವಾಗಿ ತೋರಣದಂತೆ ನಿಲ್ಲಿಸಿದೆ. ತಂತಿ ಮುಂದಕ್ಕೆ ಹೋಗಿ ಜೆಲಟಿನ್‌ನ ಆಚೆ ಇಳಿಯುತ್ತದೆ, ಅಲ್ಲಿಂದ ಕ್ಯಾಮೆರಾದ ಕಡೆಗೆ ಎಳೆದುಕೊಳ್ಳುವಾಗ ಕೊಯ್ಯುತ್ತದೆ. ಶೇವರ್‌ನಲ್ಲಿ ಕೊಯ್ತ ನನ್ನಿಂದ ಮರೆಯಾಗುತ್ತಿತ್ತು, ಇಲ್ಲಿ ಅದು ನನ್ನ ಕಡೆಗೇ ಬರುತ್ತದೆ. ಕುಣಿಕೆಯ ಪೂರ್ತಿ ಬಾಗು, ಅದರ ಮೇಲೆ ಸುರುಳಿಯಾಗಿ ಏಳುವ ಚಕ್ಕೆ, ಎರಡೂ ಕಣ್ಣೆದುರೇ.

ದೊಡ್ಡ ಆವಿಷ್ಕಾರ ಮಾಡಿದ ಭಾವದಲ್ಲಿ ಎರಡು ದಿನ ಬೀಗಿದೆ. ಆಮೇಲೆ ಓದಿದರೆ, ಇದೇ ರೆಸೆಕ್ಟೊಸ್ಕೋಪ್! ಅಮೆರಿಕದ ವೈದ್ಯ ಮ್ಯಾಕ್ಸಿಮಿಲಿಯನ್ ಸ್ಟರ್ನ್ 1926ರಲ್ಲೇ ಆ ಹೆಸರಿಟ್ಟಾಗಿತ್ತು. 1930ರ ದಶಕದ ಆರಂಭದಲ್ಲಿ ಜೋಸೆಫ್ ಮೆಕಾರ್ಥಿ ಅದಕ್ಕೆ ಮುಂದಕ್ಕೂ ಓರೆಗೂ ನೋಡುವ ಮಸೂರ ಸೇರಿಸಿದರು. ಪ್ರಾಸ್ಟೇಟ್ ಗ್ರಂಥಿಯನ್ನು ಮೂತ್ರನಾಳದ ಮೂಲಕವೇ ಹೆರೆಯಲು ಇಂದಿಗೂ ಇದರ ವಂಶಜರೇ ಬಳಕೆಯಲ್ಲಿವೆ. ಅವುಗಳೊಳಗಿನ ದರ್ಶಕದ ವ್ಯಾಸ ಸಾಮಾನ್ಯವಾಗಿ 4 ಮಿ.ಮೀ. ನನ್ನದು 3.9. ನಕ್ಕುಬಿಟ್ಟೆ. ಅವುಗಳಲ್ಲಿ ಕುಣಿಕೆಗೆ ವಿದ್ಯುತ್ ಹರಿಸುತ್ತಾರೆ, ಅದೂ ಕುಣಿಕೆ ಹಿಂದಕ್ಕೆ ಬರುವಾಗ ಮಾತ್ರ. ಮುಂದಕ್ಕೆ ತಳ್ಳುತ್ತಾ ಕೊಯ್ದರೆ ಕಾಣದ ಗೋಡೆಯನ್ನು ತೂತು ಮಾಡುವ ಅಪಾಯ. ನನ್ನದು ವಿದ್ಯುತ್ತಿಲ್ಲದ ಬರೀ ತಂತಿ.

ಅವರಿಂದ ಸ್ಪ್ರಿಂಗ್ ಹಿಡಿಕೆಯನ್ನೂ ಎರವಲು ಪಡೆದೆ. ಹೆಬ್ಬೆರಳು ಸಡಿಲಿಸಿದರೆ ಕುಣಿಕೆ ತಾನಾಗಿ ಕೊಳವೆಯೊಳಗೆ ಸೇರಿಕೊಳ್ಳುತ್ತದೆ.

ಆರನೇ ವಾರ

ಹೊಸ ಉಪಾಯಕ್ಕೆ ಹೊಸ ಪೀಡೆ. ಕುಣಿಕೆ 30 ಮಿ.ಮೀ. ದೂರದಿಂದ 10 ಮಿ.ಮೀ.ವರೆಗೆ ಬರುತ್ತದೆ, ನೀರಿನಲ್ಲಿ ಕ್ಯಾಮೆರಾಕ್ಕೆ 27ರಿಂದ ಈಚೆಗೆ ಎಲ್ಲವೂ ಮಬ್ಬು. ಕಣ್ಣಿನ ಕಡೆಗೆ ಕೊಯ್ಯಬೇಕು ಎಂದು ಕಂಡುಕೊಂಡವನ ಕಣ್ಣಿಗೆ ಹತ್ತಿರದ್ದು ಕಾಣದು! ಮಸೂರವನ್ನು ಸ್ವಲ್ಪ ಹೊರಕ್ಕೆ ತಿರುಗಿಸದೆ ದಾರಿಯಿರಲಿಲ್ಲ, ಅದಕ್ಕೆ ಅಂಟು ಹಾಕಿದ್ದರು. ಮೊದಲ ಕ್ಯಾಮೆರಾದ ಮುಂಗಾಜು ತೆಗೆದು ಚಿಮುಟದಿಂದ ತಿರುಚಿದೆ, ಮಸೂರದ ಜೊತೆ ಸಂವೇದಕವೂ ಕಿತ್ತು ಬಂತು. ಎರಡನೆಯದಕ್ಕೆ ಬೆಸುಗೆ ಕಡ್ಡಿಯ ತುದಿಯನ್ನು ನಾಲ್ಕೈದು ಸೆಕೆಂಡು ಮಸೂರದ ಅಂಚಿಗೆ ತಾಗಿಸಿ ಅಂಟನ್ನು ಮೆದುಗೊಳಿಸಿದೆ. ಪರದೆ ನೋಡುತ್ತಾ ಕೂದಲೆಳೆಯಷ್ಟು ತಿರುಗಿಸಿ, ಗಾಜು ಕೂರಿಸಿ, ಸುತ್ತ ಎಪಾಕ್ಸಿ ಬಳಿದೆ. ಈಗ ನೀರಿನಲ್ಲಿ 10ರಿಂದ 35 ಮಿ.ಮೀ.ವರೆಗೆ ಚೊಕ್ಕ. ಅದರಾಚೆ ಮಬ್ಬು, ಅಲ್ಲಿ ನನಗೇನೂ ಕೆಲಸವಿಲ್ಲ.

ನಿನ್ನೆ ಸಂಜೆ ಹನ್ನೆರಡು ಚಕ್ಕೆ ಕೊಯ್ದೆ. ಮೊದಲ ಐದು ಅಂದವಾಗಿ ಬಂದವು. ಆರನೆಯದು ತೇಲಿ ಬಂದು ನೇರ ಕ್ಯಾಮೆರಾದ ಗಾಜಿಗೆ ಅಪ್ಪಳಿಸಿ ಕೂತಿತು. ಮಿಕ್ಕದ್ದನ್ನು ಅಂದಾಜಿನ ಮೇಲೆ ಕೊಯ್ದೆ. ಶೇವರ್ ತೆಗೆದ ಮೇಲೆ ಇನ್ನಷ್ಟು ಹಿಗ್ಗಿದ ಸಂದಿ ಸುಮ್ಮನೆ ಬಿದ್ದಿದೆಯಲ್ಲ, ಅದನ್ನು ಎರಡಾಗಿ ಸೀಳಿ, ಒಂದರಲ್ಲಿ ಗಾಜಿನ ಮೇಲೆ ಹಾಯುವಂತೆ ನೀರು ಬಿಟ್ಟು, ಇನ್ನೊಂದರಲ್ಲಿ ಹೊರಗೆ ಹೀರಬೇಕು. ಇದನ್ನೂ 1975ರಲ್ಲಿ ಹೋಸೆ ಇಗ್ಲೇಸಿಯಸ್ ಎಂಬ ವೈದ್ಯರು ರೆಸೆಕ್ಟೊಸ್ಕೋಪ್‌ನಲ್ಲಿ ಮಾಡಿ ಮುಗಿಸಿದ್ದಾರೆ, ಈ ಸಲ ಮೊದಲೇ ಓದಿಕೊಂಡೆ. ನಡುಗೋಡೆಗೆಂದು 0.2 ಮಿ.ಮೀ. ಹಿತ್ತಾಳೆ ತಗಡು ಕತ್ತರಿಸಿ ಇಟ್ಟಿದ್ದೇನೆ.