ಕಲ್ಚರ್ ಫಾರ್ಮಿನಲ್ಲಿ ಒಂದು ಸಾಲು ಜಾಸ್ತಿ ಬರೆಯಿರಿ

ನಮ್ಮ ಮೈಕ್ರೋಬಯಾಲಜಿ ಲ್ಯಾಬಿಗೆ ಆರ್ಥೋ (ಮೂಳೆ) ವಾರ್ಡಿನಿಂದ ಬರುವ ಫಾರ್ಮುಗಳಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ: 'ಕೀವು, ಕಲ್ಚರ್', ಅಂದರೆ ಕೀವಿನಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡಿ ಅಂತ. ರೋಗಿ ಎಲ್ಲಿ ಬಿದ್ದ, ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತಾ, ಒಳಗೆ ರಾಡ್ ಇದೆಯಾ, ಒಂದೂ ಗೊತ್ತಾಗುವುದಿಲ್ಲ.

ಬೈಕಿನಿಂದ ಬಿದ್ದು ಮೊಣಕಾಲ ಕೆಳಗೆ ಓಪನ್ ಫ್ರಾಕ್ಚರ್ ಆಗಿದ್ದ ಒಬ್ಬರ ಕೇಸು. ಗಾಯದ ತುಂಬ ಮಣ್ಣು. ತೊಳೆದು, ರಾಡ್ ಹಾಕಿ ಕಳಿಸಿದ್ದರು. ತಿಂಗಳುಗಳಾದ ಮೇಲೆ ಸಣ್ಣ ತೂತಿನಿಂದ ಕೀವು ಸೋರತೊಡಗಿತು. ಜ್ವರವಿಲ್ಲ, ನೋವೂ ಅಷ್ಟಕ್ಕಷ್ಟೇ. ಕೀವನ್ನು ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಸ್ವಾಬ್ ಮೇಲೆ ಸ್ವಾಬ್ ಬಂತು. ಪ್ರತಿ ಸಲ 'ನೋ ಗ್ರೋತ್', ಏನೂ ಬೆಳೆದಿಲ್ಲ. ಆಂಟಿಬಯಾಟಿಕ್ ಮಾತ್ರ ಬದಲಾಗುತ್ತಲೇ ಇತ್ತು.

ಕೊನೆಗೆ ಪಿಜಿ ಡಾಕ್ಟರೊಬ್ಬರು ಆಪರೇಷನ್ ಥಿಯೇಟರಿನಿಂದ ಮೂಳೆ ಚೂರುಗಳನ್ನು ತಾವೇ ತಂದುಕೊಟ್ಟು ಕಥೆಯೆಲ್ಲ ಹೇಳಿದರು. ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಪ್ಲೇಟುಗಳನ್ನು ನಾವು 48 ಗಂಟೆಗೆ ಎಸೆದುಬಿಡುತ್ತೇವೆ. ಮೂಳೆ ಸೋಂಕಿನಲ್ಲಿ ಸಾಮಾನ್ಯವಾಗಿ ಸಿಗುವ ಸ್ಟ್ಯಾಫ್ ಬ್ಯಾಕ್ಟೀರಿಯಾ ಆದರೆ ರಾತ್ರಿ ಕಳೆಯುವಷ್ಟರಲ್ಲಿ ಬೆಳೆದಿರುತ್ತದೆ. ಈ ಸಲ ಒಣಗದಂತೆ ಪ್ಲೇಟಿಗೆ ಟೇಪ್ ಸುತ್ತಿ ಇನ್‌ಕ್ಯುಬೇಟರಿನಲ್ಲೇ ಬಿಟ್ಟೆವು. ವಾರ ತುಂಬುವ ಮೊದಲೇ ರಕ್ತದ ಅಗಾರ್ (ರಕ್ತ ಬೆರೆಸಿದ ಪ್ಲೇಟು) ಮೇಲೆ ಸಣ್ಣ, ಒಣ ಚುಕ್ಕೆಗಳು ಕಂಡವು. ಗ್ರಾಮ್ ಸ್ಟೇನ್ ಎಂಬ ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಸುಕಾದ, ಮಣಿ ಪೋಣಿಸಿದಂಥ ಕಡ್ಡಿಗಳು. ಚರ್ಮದ ಮೇಲಿರುವ, ಸಾಮಾನ್ಯವಾಗಿ ತೊಂದರೆ ಕೊಡದ ಡಿಫ್ತೆರಾಯ್ಡ್ ಬ್ಯಾಕ್ಟೀರಿಯಾ ಅಂತ ಸುಮ್ನೆ ಬಿಟ್ಟುಬಿಡುವಂಥ ನೋಟ ಅದು. ಟಿಬಿ ಕುಲದ ಬ್ಯಾಕ್ಟೀರಿಯಾ ಕೆಂಪಾಗಿ ಕಾಣುವ ಝೀಲ್-ನೀಲ್ಸನ್ ಬಣ್ಣ ಹಾಕಿದರೆ ಕೆಂಪು! ಮೈಕೋಬ್ಯಾಕ್ಟೀರಿಯಮ್ ಫಾರ್ಚುಯಿಟಮ್.

ಕೆಂಪು ಅಂದ ಕೂಡಲೇ 'ಟಿಬಿ ಮಾತ್ರೆ ಶುರು ಮಾಡೋಣ್ವಾ?' ಅಂತ ಪ್ರಶ್ನೆ ಬಂತು. ಬೇಡ. ಇದು ಟಿಬಿಯ ದಾಯಾದಿ, ಮಣ್ಣು ನೀರಿನಲ್ಲಿ ಇರುವಂಥದ್ದು. ಟಿಬಿ ಔಷಧಿಗಳಾದ ಐಸೋನಿಯಾಜಿಡ್, ಪೈರಜಿನಮೈಡ್ ಇದಕ್ಕೆ ನಾಟುವುದಿಲ್ಲ. ಸೆನ್ಸಿಟಿವಿಟಿ (ಯಾವ ಔಷಧಿಗೆ ಬಗ್ಗುತ್ತದೆ ಅಂತ) ನೋಡಿಕೊಂಡು ಅಮಿಕಾಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥವನ್ನು ಜೊತೆಯಾಗಿ ಕೊಡಬೇಕು, ಮೂಳೆಗಾದರೆ 6 ತಿಂಗಳಾದರೂ. ಸತ್ತ ಮೂಳೆ ಕೆರೆಯಬೇಕು, ಆಗುವುದಾದರೆ ರಾಡನ್ನೂ ತೆಗೆಯಬೇಕು; ಬರೀ ಔಷಧಿಯಿಂದಲೇ ವಾಸಿಯಾಗುವುದು ಕಷ್ಟ.

ಕರಾವಳಿಯವರಿಗೆ ಇನ್ನೊಂದು ಮಾತು. 'ಗದ್ದೆಯಲ್ಲಿ ಬಿದ್ದ, ಶುಗರ್ ಇದೆ' ಅಂತ ಬರೆದಿದ್ದರೆ ನಾವು ಮೆಲಿಯಾಯ್ಡೋಸಿಸ್ (ಮಣ್ಣು, ನೀರಿನ ಒಂದು ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ನೆನೆಯುತ್ತೇವೆ. ಬರೆಯದಿದ್ದರೆ ಅದೇ ಬ್ಯಾಕ್ಟೀರಿಯಾ, ಸೂಡೊಮೊನಾಸ್ ಎಂಬ ಬೇರೊಂದು ಬ್ಯಾಕ್ಟೀರಿಯಾ ಅಂತ ರಿಪೋರ್ಟಾಗುವ ಅಪಾಯ ಇದೆ. ಜೆಂಟಾಮೈಸಿನ್, ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಎರಡಕ್ಕೂ ಬಗ್ಗದಿದ್ದರೆ ಮೆಲಿಯಾಯ್ಡೋಸಿಸ್ ಅಂತ ಅನುಮಾನ ಪಡಲೇಬೇಕು.

ತೂತಿನ ಬಾಯಿಯಿಂದ ತೆಗೆದ ಸ್ವಾಬ್ ಬೇಡ. ಅದರಲ್ಲಿ ಸಿಗುವುದು ಹೆಚ್ಚಾಗಿ ಚರ್ಮದ ನಿವಾಸಿಗಳು. ಆಳದ ಮೂಳೆ ಚೂರು ಕೊಡಿ, ಒಂದಕ್ಕಿಂತ ಜಾಸ್ತಿ ಜಾಗದಿಂದ, ಸ್ಟೆರೈಲ್ ಸಲೈನಿನಲ್ಲಿ. ಬಯಾಪ್ಸಿ ಡಬ್ಬಿಯ ಜೊತೆ ಇದೂ ಬ್ಯಾಕ್ಟೀರಿಯಾ ಕೊಲ್ಲುವ ಫಾರ್ಮಲಿನ್‌ಗೆ ಬಿದ್ದರೆ ನಾವು ಎಷ್ಟು ವಾರ ಕಾದರೂ ಏನೂ ಬೆಳೆಯುವುದಿಲ್ಲ.