ಮುಟ್ಟಿ ನೋಡಿದ್ದು ಯಾರು?

“ಹಸುವಿಗೆ ನಂಬಿಕೆ ಅಂತ ಒಂದು ಇರ್ತದಾ ಡಾಕ್ಟ್ರೇ? ನಾನು ಕೊಟ್ಟಿದ್ದು ಔಷಧಿಯೋ ಬರೀ ಸಕ್ಕರೆಯೋ, ಅದಕ್ಕೆಂತ ಗೊತ್ತು? ಆದ್ರೂ ಬಾವು ಇಳೀತಲ್ಲ!”

ಮಾವ ಕೊಟ್ಟಿಗೆಯಲ್ಲಿ ಸೊಂಟದ ಮೇಲೆ ಕೈ ಇಟ್ಟು ನಿಂತು, ಆಗಲೇ ಗೆದ್ದವರ ದನಿಯಲ್ಲಿ ಕೇಳಿದರು. ಹೋಮಿಯೋಪತಿ ಗುಳಿಗೆಯಿಂದ ವಾಸಿ ಅನ್ನಿಸೋದು ಬರೀ ನಂಬಿಕೆಯಿಂದ ಅನ್ನುವವರಿಗೆ ಅವರ ಉತ್ತರ ಇದು. ಕೆಂದಿಯ ಕೆಚ್ಚಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ ಡಾಕ್ಟರಮ್ಮ ತಲೆ ಎತ್ತಲೂ ಇಲ್ಲ.

“ಅದಕ್ಕೆ ನಂಬಿಕೆ ಇಲ್ಲ, ಸರಿ. ಇಳಿದಿದೆ ಅಂತ ಮುಟ್ಟಿ ನೋಡಿದ್ದು ಯಾರು ಯಜಮಾನ್ರೇ?”

ಈ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಮಾತು. ದೋಸೆ ಹೊಯ್ಯುವಾಗಲೂ ಇದೇ, ಅಡಿಕೆ ಸಿಪ್ಪೆ ಗುಡಿಸುವಾಗಲೂ ಇದೇ.

ನಮ್ಮದು ತೀರ್ಥಹಳ್ಳಿ ಕಡೆಯ ಒಂಟಿ ಮನೆ. ಮಳೆ ಶುರುವಾದರೆ ಕರೆಂಟೂ ಇಲ್ಲ, ಫೋನೂ ಇಲ್ಲ. ದನಕ್ಕೆ ಹುಷಾರಿಲ್ಲ ಅಂದರೆ 1962ಕ್ಕೆ ಫೋನ್ ಮಾಡಿ, ಗಾಡಿಯೇ ಮನೆ ಬಾಗಿಲಿಗೆ ಬರುತ್ತೆ ಅಂತಾರೆ. ಫೋನ್ ಮಾಡಲು ಸಿಗ್ನಲ್ ಇರುವ ಗುಡ್ಡ ಹತ್ತಬೇಕು, ಅಷ್ಟೇ. ಹಾಗಾಗಿ ಮಾವನ ಮರದ ಪೆಟ್ಟಿಗೆಗೆ ಊರಲ್ಲಿ ಬೆಲೆ ಇದೆ. ಅದರ ತುಂಬ ಹೋಮಿಯೋಪತಿ ಸೀಸೆಗಳು. ಮಾವ ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಒಂದು ಹಳೇ ಪುಸ್ತಕ ಇದೆ, ಶಿವಮೊಗ್ಗಕ್ಕೆ ಹೋದಾಗಲೆಲ್ಲ ತರುವ ಬಿಳಿ ಗುಳಿಗೆ ಇದೆ. ಯಾರ ಹತ್ತಿರವೂ ಒಂದು ರೂಪಾಯಿ ತಗೊಳ್ಳಲ್ಲ. ರಾತ್ರಿ ಯಾರದೋ ಎಮ್ಮೆಗೆ ಹೊಟ್ಟೆ ಉಬ್ಬರ ಅಂದರೂ ಟಾರ್ಚ್ ಹಿಡಿದು ಹೊರಡುತ್ತಾರೆ. ಒಳ್ಳೆಯ ಮನುಷ್ಯ. ಸೋಲುವುದು ಮಾತ್ರ ಗೊತ್ತಿಲ್ಲ.

ಕೆಂದಿಗೆ ಆದದ್ದು ಕೆಚ್ಚಲು ಬಾವು. ಹಿಂದಿನ ಎಡಗಡೆ ಮೊಲೆ. ಬೆಳಿಗ್ಗೆ ಅತ್ತೆ ಕರೆಯಲು ಕೂತರೆ ಝಾಡಿಸಿ ಒದ್ದಳು. ಅತ್ತೆ ಒಂದು ಹಳೇ ಕಪ್ಪು ಬಟ್ಟೆಯ ಮೇಲೆ ನಾಲ್ಕು ಹನಿ ಹಿಂಡಿ ತೋರಿಸಿದರು. ಹಾಲು ತೆಳ್ಳಗೆ ಹಳದಿ ನೀರಾಗಿ ಬಟ್ಟೆಗೆ ಇಂಗಿತು, ಮೇಲೆ ಸಣ್ಣ ಸಣ್ಣ ಬಿಳಿ ಚಕ್ಕೆ ಉಳಿಯಿತು. ಮಾವ ಕೈಯಿಟ್ಟು ನೋಡಿ, “ಬಿಸಿ, ಕೆಂಪು, ದಿಢೀರ್ ಬಂದದ್ದು. ಬೆಲ್ಲಡೋನಾ 30” ಅಂದರು. ಮರುದಿನ ಕಲ್ಲಿನಂತೆ ಗಟ್ಟಿಯಾಯಿತು ಅಂತ ಫೈಟೊಲಕ್ಕಕ್ಕೆ ಬದಲಾಯಿಸಿದರು. ಗುಳಿಗೆಯನ್ನು ನೀರಲ್ಲಿ ಕರಗಿಸಿ, ಸೂಜಿ ಇಲ್ಲದ ಸಿರಿಂಜಿನಲ್ಲಿ ಅವಳ ತುಟಿಯ ಸಂದಿಗೆ ಬಿಡುವುದು. ಅವಳು ಚಪ್ಪರಿಸುತ್ತಿದ್ದಳು. ಸಿಹಿ ಅಲ್ವಾ!

ಆ 30 ಅಂದರೆ ಏನು ಅಂತ ಓದಿಕೊಂಡೆ. ಮೂಲ ಔಷಧಿಯ ಒಂದು ಪಾಲಿಗೆ 99 ಪಾಲು ನೀರು ಅಥವಾ ಸ್ಪಿರಿಟ್ಟು ಸೇರಿಸಿ ಕುಲುಕುವುದು. ಅದರಿಂದ ಒಂದು ಪಾಲು ತೆಗೆದು ಮತ್ತೆ 99. ಹೀಗೆ 30 ಸಲ. 12 ಸಲ ದಾಟುವ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವುದು ಅನುಮಾನ. 200 ಅಂತ ಬರೆದ ಸೀಸೆಯೂ ಪೆಟ್ಟಿಗೆಯಲ್ಲಿದೆ, ಅದು ‘ಜೋರು’ ಔಷಧಿಯಂತೆ. ಇದನ್ನೆಲ್ಲ ಶುರು ಮಾಡಿದ ಜರ್ಮನಿಯ ಹಾನಿಮನ್ 1796ರಲ್ಲಿ ಮೊದಲ ಲೇಖನ ಬರೆದಾಗ ಅಣು ಎಣಿಸುವ ಲೆಕ್ಕ ಯಾರ ಹತ್ತಿರವೂ ಇರಲಿಲ್ಲ. ಆ ಕಾಲದ ವೈದ್ಯರು ರೋಗಿಯ ರಕ್ತ ಬಸಿಯುತ್ತಿದ್ದರು, ಪಾದರಸ ಕುಡಿಸುತ್ತಿದ್ದರು. ಅದರ ಮುಂದೆ ಏನೂ ಇಲ್ಲದ ನೀರೇ ಎಷ್ಟೋ ವಾಸಿ ಅನ್ನಿಸಿದ್ದರೆ ಆಶ್ಚರ್ಯ ಇಲ್ಲ.

ಆಮೇಲೆ ಒಂದು ಸಂಜೆ ಮಾವ ಮುಟ್ಟಿ, “ಮೆತ್ತಗಾಗಿದೆ” ಅಂದರು. ಅತ್ತೆ ಮುಟ್ಟಿ, “ಎಂತ ಮೆತ್ತಗೆ? ಕಲ್ಲು ಹಾಗೇ ಇದೆ” ಅಂದರು. ನನ್ನನ್ನು ಕರೆದರು. ನಾನೂ ಮುಟ್ಟಿದೆ. ಒಮ್ಮೆ ಒತ್ತಿದರೆ ಮೆತ್ತಗೆ, ಇನ್ನೊಮ್ಮೆ ಒತ್ತಿದರೆ ಗಟ್ಟಿ. ಇಬ್ಬರ ಮುಖ ನೋಡಿ “ಪರವಾಗಿಲ್ಲ ಅನ್ಸುತ್ತೆ” ಅಂದೆ. ಸೊಸೆ ಹೇಳಬಹುದಾದ ಉತ್ತರ ಅದೊಂದೇ. ಮರುದಿನ ನನ್ನವರು ಗುಡ್ಡ ಹತ್ತಿ ಫೋನ್ ಮಾಡಿ ಬಂದರು, ಅಪ್ಪನಿಗೆ ಹೇಳದೆ.

ಡಾಕ್ಟರಮ್ಮ ಬಂದಾಗ ನಡೆದದ್ದೇ ಆ ಮಾತು. ಮುಟ್ಟಿ ನೋಡಿದ್ದು ಯಾರು ಅಂದ ಕೂಡಲೇ ಮಾವ ಬಿಡಲಿಲ್ಲ.

“ಹಾಗಾದ್ರೆ ನೀವು ಸೂಜಿ ಚುಚ್ಚಿ ಹೋದ್ಮೇಲೆ ಮುಟ್ಟಿ ನೋಡೋರು ಯಾರು? ಅದೂ ನಾವೇ ಅಲ್ವಾ?”

ನಾನು ಒಳಗೊಳಗೇ ಭಲೇ ಅಂದೆ. ಡಾಕ್ಟರಮ್ಮನೂ ನಕ್ಕರು. “ಹೌದು. ಅದಕ್ಕೇ ಇದು” ಅಂತ ಚೀಲದಿಂದ ನಾಲ್ಕು ಗುಂಡಿ ಇರುವ ಬಿಳಿ ತಟ್ಟೆ ತೆಗೆದರು. ಒಂದೊಂದು ಮೊಲೆಯ ಹಾಲು ಒಂದೊಂದು ಗುಂಡಿಗೆ. ಮೇಲೆ ನೇರಳೆ ಬಣ್ಣದ ದ್ರಾವಣ ಹಾಕಿ ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರು. ಮೂರು ಗುಂಡಿಯಲ್ಲಿ ಸಲೀಸಾಗಿ ಸುತ್ತಿತು. ನಾಲ್ಕನೆಯದು ಲೋಳೆಗಟ್ಟಿ, ಮುದ್ದೆಯಾಗಿ, ತಟ್ಟೆ ಓರೆ ಮಾಡಿದರೂ ಅಂಟಿಕೊಂಡೇ ಇತ್ತು. ಸೋಂಕಿನ ವಿರುದ್ಧ ಹೋರಾಡಲು ಬಂದ ಕಣಗಳು ಹಾಲಲ್ಲಿ ಜಾಸ್ತಿ ಇದ್ದರೆ ಹೀಗಾಗುತ್ತದಂತೆ. ಮೇಲೆ ಬಾವು ಇಳಿದರೂ ಒಳಗೆ ಇದ್ದೇ ಇರಬಹುದು. ಕೆಲವು ಬಾವು ಏನೂ ಮಾಡದಿದ್ದರೂ ತಾನಾಗಿ ಇಳಿಯುತ್ತದೆ ಅಂತಲೂ ಹೇಳಿದರು.

ಮಾವ ತಟ್ಟೆಯನ್ನು ಬಗ್ಗಿ ನೋಡಿ, “ಮೊನ್ನೆ ನೋಡಿದ್ರೆ ಇನ್ನೂ ಜಾಸ್ತಿ ಇರ್ತಿತ್ತು” ಅಂದರು. ಇದಕ್ಕೆ ಯಾರು ಏನು ಹೇಳೋದು? ಮೊನ್ನೆ ತಟ್ಟೆ ಇರಲಿಲ್ಲ.

ಡಾಕ್ಟರಮ್ಮ ಹೋಗುವ ಮುಂಚೆ ನನಗೊಂದು ವಿಷಯ ಹೇಳಿದರು. ಅಮೆರಿಕದಲ್ಲಿ ಕೀಲುನೋವಿಂದ ಕುಂಟುವ ನಾಯಿಗಳ ಮೇಲೆ ಒಂದು ಅಧ್ಯಯನ ನಡೆದಿತ್ತು, 2012ರಲ್ಲಿ ಪ್ರಕಟವಾಗಿದೆ. ಔಷಧಿಯೇ ಇಲ್ಲದ ಹುಸಿ ಗುಳಿಗೆ ಪಡೆದ ನಾಯಿಗಳ ಲೆಕ್ಕ ಅದು. ನಾಯಿ ಕಾಲಿಗೆ ಎಷ್ಟು ಭಾರ ಕೊಡುತ್ತದೆ ಅಂತ ಯಂತ್ರದಲ್ಲಿ ಅಳೆದರು. ಯಂತ್ರದ ಲೆಕ್ಕದಲ್ಲಿ ಸುಧಾರಣೆ ಇಲ್ಲದಾಗಲೂ ಅರ್ಧಕ್ಕಿಂತ ಹೆಚ್ಚು ಸಲ ಸಾಕಿದವರು ‘ಈಗ ವಾಸಿ’ ಅಂದಿದ್ದರಂತೆ. ಪಶುವೈದ್ಯರೂ ಕಡಿಮೆ ಏನಿಲ್ಲ, ಅವರೂ ನೂರಕ್ಕೆ 40ರ ಮೇಲೆ. “ನಾವೂ ಸೇರಿ” ಅಂತ ಅವರೇ ಒತ್ತಿ ಹೇಳಿದ್ದು ನನಗೆ ಹಿಡಿಸಿತು. ಗುಳಿಗೆ ನುಂಗೋದು ನಾಯಿ, ವಾಸಿ ಅನ್ನಿಸೋದು ನಮಗೆ.

ಊಟಕ್ಕೆ ಕೂತಾಗ ಮಾವ ಇನ್ನೊಂದು ಬಾಣ ಬಿಟ್ಟರು. ಯುರೋಪಿನಲ್ಲಿ ಸಾವಯವ ಹೈನುಗಾರಿಕೆಗೆ ಮೊದಲು ಹೋಮಿಯೋಪತಿ ಕೊಡಿ ಅಂತ ಕಾನೂನೇ ಇದೆ! ಹುಡುಕಿದೆ. ಇದೆ, 2018ರ ನಿಯಮ. ಜೊತೆಗೆ, ಆ ಪ್ರಾಣಿಗೆ, ಆ ಕಾಯಿಲೆಗೆ ಅದು ಕೆಲಸ ಮಾಡುವುದಾದರೆ ಅಂತ ಷರತ್ತೂ ಇದೆ. ಬ್ರಿಟನ್ನಿನ ಪಶುವೈದ್ಯರ ರಾಯಲ್ ಕಾಲೇಜು 2017ರಲ್ಲೇ, ಇಂಥದ್ದನ್ನು ಬೇಕಾದರೆ ಚಿಕಿತ್ಸೆಯ ಜೊತೆಗೆ ಕೊಡಿ, ಬದಲಿಗೆ ಬೇಡ ಅಂದಿದೆ. ಓದಿ ಹೇಳಿದೆ. ಮಾವ ಷರತ್ತಿನ ಭಾಗ ಬರುವಾಗ ಮಜ್ಜಿಗೆ ಬಡಿಸಲು ಹೇಳಿದರು.

ಚರ್ಮಗಂಟು ರೋಗ 2022ರಲ್ಲಿ ಬಂದಾಗಲೂ ಇದೇ ಕಥೆ. ಮಾವ ನಮ್ಮ ಕರುವಿಗೆ ಗುಳಿಗೆ ಕೊಟ್ಟರು, ಕರುವಿಗೆ ರೋಗ ಬರಲಿಲ್ಲ. ಅದೇ ಕರುವಿಗೆ ಆ ರೋಗ ತಡೆಯಲು ಹಾಕುವ ಮೇಕೆ ಸಿಡುಬಿನ ಲಸಿಕೆಯೂ ಬಿದ್ದಿತ್ತು, ಅದು ಯಾರ ನೆನಪಲ್ಲೂ ಇಲ್ಲ.

ಆದರೆ ಮಾವನನ್ನು ಪೂರ್ತಿ ನಗಲೂ ಆಗಲ್ಲ. ಮೊಲೆಗೆ ಆಂಟಿಬಯಾಟಿಕ್ ಟ್ಯೂಬ್ ಹಾಕಿದರೆ, ಪೊಟ್ಟಣದ ಮೇಲೆ ಬರೆದಷ್ಟು ದಿನ ನಾಲ್ಕೂ ಮೊಲೆಯ ಹಾಲು ಡೈರಿಗೆ ಹಾಕುವಂತಿಲ್ಲ. ದನದ ಹಿಂಡಿಗೆ ಮಾಡಿದ ಸಾಲ ಮಾತ್ರ ನಿಲ್ಲಲ್ಲ. ಗುಳಿಗೆಗೆ ಆ ಕಾಟ ಇಲ್ಲ. ಎಲ್ಲರೂ ಸುಮ್ನೆ ನಂಬಿ ಅಲ್ಲ, ಲೆಕ್ಕ ಹಾಕಿಯೇ ಮಾವನ ಹತ್ತಿರ ಬರುತ್ತಾರೆ. ಇನ್ನೊಂದು, ಗುಳಿಗೆ ಕೊಡುವ ನೆಪದಲ್ಲಿ ಮಾವ ರಾತ್ರಿ ಎದ್ದೆದ್ದು ಹೋಗಿ ಆ ಮೊಲೆ ಹಿಂಡಿ ಖಾಲಿ ಮಾಡುತ್ತಿದ್ದರು, ಕೆಳಗೆ ಒಣ ಸೊಪ್ಪು ಹರವುತ್ತಿದ್ದರು. ಡಾಕ್ಟರಮ್ಮ ಹೇಳಿದ್ದೂ ಅದನ್ನೇ, ಹಿಂಡೋದು ಬಿಡಬೇಡಿ, ಒಣಗಿಸಿಡಿ ಅಂತ. ಆ ಕೆಲಸಕ್ಕೆ ಪುಸ್ತಕದಲ್ಲಿ ನಂಬರ್ ಇಲ್ಲ, ಅದಕ್ಕೇ ಮಾವ ಅದನ್ನು ಔಷಧಿ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಈಗ ಟ್ಯೂಬೂ ನಡೀತಿದೆ, ಗುಳಿಗೆಯೂ ನಡೀತಿದೆ. ಡಾಕ್ಟರಮ್ಮ ಬೇಡ ಅನ್ನಲಿಲ್ಲ. ಗುಣವಾದರೆ ಯಾರ ಲೆಕ್ಕಕ್ಕೆ ಅಂತ ಅಪ್ಪ ಮಗ ನಿನ್ನೆ ರಾತ್ರಿ ಜಗಳಕ್ಕೇ ನಿಂತರು. ಅತ್ತೆ ಅಷ್ಟು ಹೊತ್ತೂ ಮೂಲೆಯಲ್ಲಿ ಒರಳಿನ ಮುಂದೆ ಕೂತಿದ್ದರು. ಲೋಳೆಸರ, ಅರಿಶಿನ, ಸುಣ್ಣ ರುಬ್ಬಿ ಕೆಚ್ಚಲಿಗೆ ಹಚ್ಚುವುದು ಮೊದಲ ದಿನದಿಂದ ಅವರ ಕೆಲಸ. ಸುಣ್ಣ ಬಿದ್ದ ಕೂಡಲೇ ಅರಿಶಿನ ಕೆಂಪಾಗುತ್ತದೆ, ಅತ್ತೆಯ ಬೆರಳುಗಳು ವಾರದಿಂದ ಅದೇ ಬಣ್ಣ. ಎನ್‌ಡಿಡಿಬಿಯವರೂ, ಅಂದರೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರೂ, ಇದನ್ನೇ ಹೇಳುತ್ತಾರೆ, 250 ಗ್ರಾಂ ಲೋಳೆಸರ, 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ. ಅತ್ತೆ ಯಾವತ್ತೂ ತೂಕ ಮಾಡಿದವರಲ್ಲ.

“ನಾನು ದಿನಾ ಹಚ್ತಾ ಇರೋದು ಗೋಡೆಗಾ?” ಅಂದರು ಅತ್ತೆ.

ಇಬ್ಬರೂ ಬಾಯಿ ಮುಚ್ಚಿದರು. ಮಾವ ಮಾತ್ರ ಸ್ವಲ್ಪ ಹೊತ್ತಿನ ಮೇಲೆ, ಅರಿಶಿನ ಹಚ್ಚಿದರೆ ಗುಳಿಗೆ ಇನ್ನೂ ಚೆನ್ನಾಗಿ ಹಿಡಿಯುತ್ತದೆ ಅಂತ ಶುರು ಮಾಡಿದರು.