ಹಾಗಾದ್ರೆ ಸೂರ್ಯ ರಾತ್ರಿ ಬರ್ಬೇಕಲ್ವಾ?

ಈ ವಾರ ಅಕ್ಕನ ಮಗಳ ಸೈನ್ಸ್ ಪೇಪರ್ ವಾಪಸ್ ಬಂತು. ಮೂರನೇ ಕ್ಲಾಸು. ಮಾರ್ಕ್ಸ್ ಚೆನ್ನಾಗೇ ಬಂದಿತ್ತು, ಆದ್ರೂ ಅಕ್ಕ ಹೋಗಿರೋ ಒಂದು ಮಾರ್ಕ್ ಎಲ್ಲಿ ಹೋಯ್ತು ಅಂತ ಹುಡುಕ್ತಾ ಕೂತಿದ್ಲು, ಅದು ಅವಳ ಸ್ವಭಾವ, ಬಂದಿದ್ದು ಕಣ್ಣಿಗೆ ಬೀಳಲ್ಲ. ಸಿಕ್ತು. ಬಿಟ್ಟ ಸ್ಥಳ ತುಂಬಿರಿ. 'ಸೂರ್ಯನು ಒಂದು ______.' ನಕ್ಷತ್ರ ಅಂತ ಬರ್ದಿದ್ದಾಳೆ, ರೈಟು. ಅದರ ಕೆಳಗೇ, 'ನಕ್ಷತ್ರಗಳು ಆಕಾಶದಲ್ಲಿ ______ ಇರುತ್ತವೆ.' ಇವಳು 'ಯಾವಾಗಲೂ' ಅಂತ ಬರ್ದಿದ್ಲು. ಅದರ ಮೇಲೆ ಕೆಂಪು ಪೆನ್ನಲ್ಲಿ ಒಂದು ಗೀಟು, ಪಕ್ಕದಲ್ಲಿ ದುಂಡು ಅಕ್ಷರದಲ್ಲಿ 'ರಾತ್ರಿ'.

ಪುಟ್ಟಿ ಪೇಪರನ್ನ ನನ್ನ ಮುಂದೆ ಹಿಡಿದು ಕೇಳಿದ್ಲು. "ಚಿಕ್ಕಮ್ಮ, ಸೂರ್ಯ ಸ್ಟಾರ್ ಅಂದಿದ್ದಕ್ಕೆ ರೈಟ್ ಹಾಕಿದ್ದಾರೆ. ಸ್ಟಾರ್ಸ್ ರಾತ್ರಿ ಇರುತ್ತೆ ಅಂತಾರೆ. ಹಾಗಾದ್ರೆ ಸೂರ್ಯ ರಾತ್ರಿ ಬರ್ಬೇಕಲ್ವಾ?"

ಭಾವ ಜೋರಾಗಿ ನಕ್ರು. ಅಕ್ಕ, "ಮಿಸ್ ಹೇಳಿದ್ದೇ ಬರಿ, ಎದುರು ಮಾತಾಡ್ಬೇಡ" ಅಂದ್ಲು. ನಂಗೆ ನಗುನೂ ಬರ್ಲಿಲ್ಲ, ಯಾಕಂದ್ರೆ ಆ ಮಗು ಜೋಕ್ ಮಾಡ್ತಿರ್ಲಿಲ್ಲ, ಎರಡು ಸಾಲನ್ನ ಪಕ್ಕಪಕ್ಕ ಇಟ್ಕೊಂಡು ಓದಿತ್ತು ಅಷ್ಟೇ. ಪ್ರಶ್ನೆ ತೆಗ್ದೋರು, ತಿದ್ದಿದೋರು, ಇಬ್ಬರೂ ಮಾಡದೇ ಇರೋ ಕೆಲಸ. ಮೂರು ದಿನದಿಂದ ತರಕಾರಿ ಹೆಚ್ಚುವಾಗ್ಲೂ ಅದೇ ಕಿವೀಲಿ. ಸೂರ್ಯ ರಾತ್ರಿ ಬರ್ಬೇಕಲ್ವಾ?

ನಕ್ಷತ್ರಗಳು ಎಲ್ಲಿಗೂ ಹೋಗಲ್ಲ. ಸೂರ್ಯನ ಬೆಳಕು ನಮ್ಮ ತಲೆ ಮೇಲಿರೋ ಗಾಳಿಯಲ್ಲಿ ಚದುರಿ ಇಡೀ ಆಕಾಶಾನೇ ಹೊಳೀತಿರುತ್ತೆ, ಆ ನೀಲಿ ಹೊಳಪಿನ ಮುಂದೆ ಅವು ಕಾಣಲ್ಲ. ಚಂದ್ರನ ಮೇಲೆ ಗಾಳಿ ಇಲ್ವಲ್ಲ, ಅಲ್ಲಿ ಮಟಮಟ ಮಧ್ಯಾಹ್ನಾನೂ ಆಕಾಶ ಕಪ್ಪೇ. ಪೂರ್ತಿ ಸೂರ್ಯಗ್ರಹಣ ಆದಾಗ ಹಗಲಲ್ಲೇ ಪ್ರಕಾಶಮಾನ ನಕ್ಷತ್ರಗಳು ಕಾಣ್ತವೆ. ಇದನ್ನ ಎಂಟು ವರ್ಷದ ಮಗೂಗೆ ಹೇಳೋದು ಕಷ್ಟ ಅಂತ ಯಾರು ತೀರ್ಮಾನ ಮಾಡಿದ್ರೋ. ನಾನು ಎರಡು ನಿಮಿಷದಲ್ಲಿ ಹೇಳಿದೆ, ಅವಳು "ಅದನ್ನೇ ತಾನೇ ನಾನು ಬರ್ದಿದ್ದು" ಅಂದ್ಲು.

ಟೀಚರ್‌ನ ಬೈಯ್ಯೋಕೆ ಮನಸ್ಸಿಲ್ಲ. ಒಂದು ಕಟ್ಟು ಪೇಪರು, ಪಕ್ಕದಲ್ಲಿ ಆನ್ಸರ್ ಕೀ, ಅದ್ರಲ್ಲಿ 'ರಾತ್ರಿ' ಅಂತ ಇದ್ರೆ ರಾತ್ರಿನೇ. ನಂಗೆ ಸಿಟ್ಟು ಬಂದಿದ್ದು ಭಾವನ ನಗು ಮೇಲೆ. ಅವರು ಓದಿರೋರು, ಒಳ್ಳೆಯವರೇ, ಆದ್ರೆ ಮಕ್ಕಳು ಸರಿಯಾದ ಪ್ರಶ್ನೆ ಕೇಳಿದ್ರೆ ಅದನ್ನ 'ಕ್ಯೂಟ್' ಅಂತ ಮುಗಿಸೋ ಅಭ್ಯಾಸ. ನಾನೂ ಬಿಡ್ಲಿಲ್ಲ, "ಭಾವ, ಅಷ್ಟು ದೊಡ್ಡ ಮರ ಆಗುತ್ತಲ್ಲ, ಆ ತೂಕ ಎಲ್ಲಿಂದ ಬರುತ್ತೆ?" ಅಂದೆ. "ಮಣ್ಣಿಂದ, ಇನ್ನೆಲ್ಲಿಂದ" ಅಂದ್ರು. ಗಿಡ ತನ್ನ ಆಹಾರ ತಾನೇ ತಯಾರಿಸುತ್ತೆ ಅಂತ ಸ್ಕೂಲಲ್ಲಿ ಅವರೂ ಬರ್ದು ಮಾರ್ಕ್ಸ್ ತಗೊಂಡಿರೋರೇ!

ವಾನ್ ಹೆಲ್ಮಾಂಟ್ ಅಂತ ಒಬ್ಬ ವಿಜ್ಞಾನಿ ಇದ್ದ. ಸುಮಾರು 90 ಕೆಜಿ ಒಣಗಿಸಿದ ಮಣ್ಣನ್ನ ತೂಗಿ ಕುಂಡಕ್ಕೆ ತುಂಬಿ, ಒಂದು ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಮರ ಹತ್ತಿರ ಹತ್ತಿರ 75 ಕೆಜಿ ಹೆಚ್ಚಾಗಿತ್ತು, ಮಣ್ಣಲ್ಲಿ ಕಮ್ಮಿ ಆಗಿದ್ದು 60 ಗ್ರಾಂ ಕೂಡ ಇಲ್ಲ. ಅವನು ಸತ್ತ ಮೇಲೆ 1648ರಲ್ಲಿ ಇದು ಅಚ್ಚಾಯ್ತು. ಮರ ಪೂರ್ತಿ ನೀರಿಂದಾನೇ ಆಗಿದ್ದು ಅಂತ ಅವನ ತೀರ್ಮಾನ, ಅರ್ಧ ಸರಿ. ಗಾಳಿಯನ್ನ ಲೆಕ್ಕಕ್ಕೇ ತಗೊಳ್ಲಿಲ್ಲ. ತಮಾಷೆ ಏನಂದ್ರೆ ಗ್ಯಾಸ್ ಅನ್ನೋ ಪದ ಹುಟ್ಟುಹಾಕಿದ್ದೂ ಅವನೇ. ಒಣ ಸೌದೆ ಅಂದ್ರೆ ಬಹುಪಾಲು ಗಾಳಿಯ ಕಾರ್ಬನ್ ಡೈಆಕ್ಸೈಡು, ಜೊತೆಗೆ ನೀರು, ಅವೆರಡನ್ನೂ ಹೊಲಿದು ಕೂರಿಸಿದ್ದು ಬಿಸಿಲು. ಭಾವ "ಹೌದಾ?" ಅಂದು ಮೊಬೈಲ್ ತೆಗೆದ್ರು. ಚೆಕ್ ಮಾಡ್ಲಿ.

ಇಷ್ಟೆಲ್ಲಾ ಕೇಳ್ಕೊಂಡು ಕೂತಿದ್ದ ಪುಟ್ಟಿ, "ಹಾಗಾದ್ರೆ ರಾತ್ರಿ ಬೇರೆ ಸ್ಟಾರ್ಸ್ ಲೈಟಲ್ಲೂ ಗಿಡ ಅಡುಗೆ ಮಾಡುತ್ತಾ?" ಅಂದ್ಲು.

ನಾನು ಒಂದು ಕ್ಷಣ ಸುಮ್ನಾದೆ. ಪುಸ್ತಕದಲ್ಲಿ ಆಕಾಶ ಒಂದು ಪಾಠ, ಸಸ್ಯ ಇನ್ನೊಂದು ಪಾಠ, ಮಧ್ಯ ಒಂದು ಯೂನಿಟ್ ಟೆಸ್ಟು. ಎಲೆಯೊಳಗೆ ಅಡುಗೆ ನಡೀತಿರೋದು ಒಂದು ನಕ್ಷತ್ರದ ಬೆಳಕಲ್ಲಿ ಅಂತ ಎರಡನ್ನೂ ಸೇರಿಸಿದ್ದು ಇವಳೇ. ತತ್ವದಲ್ಲಿ ಅಡ್ಡಿ ಇಲ್ಲ ಕಣೇ, ದೂರದ್ದೇ ಪ್ರಾಬ್ಲಂ ಅಂದೆ. ಸೂರ್ಯ 15 ಕೋಟಿ ಕಿಲೋಮೀಟರ್ ದೂರ, ಬೆಳಕು ಬರೋಕೆ 8 ನಿಮಿಷ ಚಿಲ್ಲರೆ. ರಾತ್ರಿ ಆಕಾಶದಲ್ಲಿ ಎಲ್ಲಕ್ಕಿಂತ ಜೋರಾಗಿ ಹೊಳೆಯೋ ನಕ್ಷತ್ರ ಲುಬ್ಧಕ, ಅದು ಸೂರ್ಯನಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬೆಳಕು ಚೆಲ್ಲುತ್ತೆ, ಆದ್ರೆ 8.6 ಜ್ಯೋತಿರ್ವರ್ಷ ದೂರ, ಅಂದ್ರೆ ಅಲ್ಲಿಂದ ಬೆಳಕು ಬರೋಕೇ 8.6 ವರ್ಷ ಬೇಕು, ಹಾಗಾಗಿ ನಮಗೆ ಸೂರ್ಯನ ಬೆಳಕಿನ ಸಾವಿರ ಕೋಟಿಯಲ್ಲಿ ಒಂದು ಪಾಲೂ ಸಿಗಲ್ಲ. ಅದ್ರಲ್ಲಿ ಯಾವ ಎಲೆಗೂ ಹೊಟ್ಟೆ ತುಂಬಲ್ಲ. ಈಗ ಕಾಣೋ ಲುಬ್ಧಕದ ಬೆಳಕು ನೀನು ಹುಟ್ಟೋಕೆ ಮುಂಚೆನೇ ಹೊರಟಿದ್ದು ಅಂದಾಗ ಮಾತ್ರ ಬಾಯಿ ಬಿಟ್ಕೊಂಡು ಕೂತ್ಲು, ಉಳಿದಿದ್ದೆಲ್ಲಾ ಅವಳಿಗೆ ಮಾಮೂಲಿ ಅನ್ನಿಸಿತ್ತೇನೋ.

ಕತೆ ಇಲ್ಲಿಗೆ ಮುಗೀಲಿಲ್ಲ, ಆಕ್ಟಿವಿಟಿ ಶೀಟ್ ಬೇರೆ ಇತ್ತು. ಕಳೆದ ವಾರ ಕಾಳು ನೆಟ್ಟ ಎರಡು ಕುಂಡ, ಒಂದು ಕಿಟಕಿ ಹತ್ರ, ಒಂದು ಕಪಾಟಿನೊಳಗೆ. 'ಬೆಳಕಿಲ್ಲದೆ ಸಸ್ಯ ಬೆಳೆಯುವುದಿಲ್ಲ' ಅಂತ ಬರೀಬೇಕು, ಅದು ಎಲ್ರಿಗೂ ಗೊತ್ತಿರೋ ಉತ್ತರ. ನಿನ್ನೆ ಕಪಾಟು ತೆಗೆದ್ರೆ ಕತ್ತಲಲ್ಲಿದ್ದ ಸಸಿನೇ ಕಿಟಕಿ ಹತ್ರದ್ದಕ್ಕಿಂತ ಉದ್ದ! ಇವಳು ಸ್ಕೇಲ್ ಇಟ್ಟು ಅಳೆದ್ಲು. ದಂಟು ನೂಲಿನಷ್ಟು ಸಣ್ಣ, ಬಿಳಿಚಿಕೊಂಡಿದೆ, ಎಲೆ ಇನ್ನೂ ಬಿಚ್ಚಿಲ್ಲ, ಹಳದಿ, ತುದಿ ಬಗ್ಗಿ ಕುಂಡದ ಅಂಚಿಗೆ ಒರಗಿದೆ. ಕಾಳಿನಲ್ಲಿದ್ದ ದಾಸ್ತಾನನ್ನೆಲ್ಲಾ ಉದ್ದ ಆಗೋಕೇ ಸುರಿದು ಬೆಳಕು ಹುಡುಕ್ತಾ ಇದೆ, ದಾಸ್ತಾನು ಮುಗಿಯೋದ್ರೊಳಗೆ ಸಿಗ್ಲಿಲ್ಲ ಅಂದ್ರೆ ಸಾಯುತ್ತೆ ಅಂತ ಹೇಳಿದೆ. ಅಕ್ಕ, "ಅದೆಲ್ಲಾ ಬೇಡ, ಬೆಳೆಯಲ್ಲ ಅಂತಾನೇ ಬರಿ, ಇನ್ನೊಂದು ಮಾರ್ಕ್ ಕಳ್ಕೋಬೇಡ" ಅಂದ್ಲು. ಪಾಪ, ಅವಳ ಕಷ್ಟ ಅವಳಿಗೆ, ವಾಟ್ಸಾಪ್ ಗ್ರೂಪಲ್ಲಿ ಉಳಿದ ಅಮ್ಮಂದಿರೆಲ್ಲಾ ನೀಟಾಗಿ ಬರೆಸಿ ಫೋಟೋ ಹಾಕಿದ್ದಾರೆ.

ಪುಟ್ಟಿ ಬರ್ದಿದ್ದು: 'ಕತ್ತಲಲ್ಲಿರುವುದು ಉದ್ದ ಇದೆ. ಹಳದಿ ಇದೆ. ಬೀಳುತ್ತಾ ಇದೆ. ನಾಳೆ ಮತ್ತೆ ನೋಡುತ್ತೇನೆ.' ಪೆನ್ಸಿಲಲ್ಲಿ ಬರ್ದಿದ್ದಾಳೆ ಅಂದ್ಕೊಂಡು ಅಕ್ಕ ರಬ್ಬರ್ ತಗೊಂಡು ಬಂದ್ಲು. ಇವಳು ಪೆನ್ನಲ್ಲಿ ಬರ್ದಿದ್ಲು.